ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್: ನಾಲ್ಕು ಮೂಲೆ ನೋಡಿ, ಆಮೇಲೆ ದುಡ್ಡು ಕೊಡಿ

ಬಳಸಿದ ಲೆನ್ಸ್ ನೋಡಲು ಹೋದವರು ಮೊದಲು ಮಾಡುವ ಕೆಲಸವೆಂದರೆ ಮುಂದಿನ ಗಾಜನ್ನು ಬೆಳಕಿಗೆ ಹಿಡಿದು ಗೀರು ಹುಡುಕುವುದು. ಗೀರಿಲ್ಲ, ಧೂಳಿಲ್ಲ, ರಬ್ಬರ್ ಇನ್ನೂ ಕರ್ರಗಿದೆ ಎಂದು ಕಂಡರೆ ಸಾಕು, ಮನಸ್ಸು ಅರ್ಧ ಒಪ್ಪಿಬಿಡುತ್ತದೆ. ಜೂಮ್ ಲೆನ್ಸ್ ಮಟ್ಟಿಗೆ ಇದು ಉಲ್ಟಾ ಕ್ರಮ. ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ಗಾಜುಗಳು ಹಲವು ಗುಂಪುಗಳಾಗಿ ಒಳಗೆ ಹಿಂದೆ ಮುಂದೆ ಓಡಾಡುತ್ತಿರುತ್ತವೆ. ಅದರಲ್ಲಿ ಒಂದು ಗುಂಪು ಕೂದಲೆಳೆಯಷ್ಟು ಓರೆಯಾದರೆ ಫೋಟೋದ ಒಂದು ಪಕ್ಕ ಮಸುಕಾಗುತ್ತದೆ. ಮುಂದಿನ ಗಾಜಿನ ಸಣ್ಣ ಗೀರು ಫೋಟೋದಲ್ಲಿ ಕಾಣುವುದೇ ಅಪರೂಪ. ಒಳಗಿನ ಓರೆ ಪ್ರತಿ ಫೋಟೋದಲ್ಲೂ ಕಾಣುತ್ತದೆ. ಹೊರಗೆ ಬಣ್ಣ ಸವೆದ ಲೆನ್ಸ್ ಅಗ್ಗಕ್ಕೆ ಸಿಕ್ಕರೆ ಅದು ಲಾಭ. ಫಳಫಳ ಹೊಳೆಯುತ್ತಾ ಒಳಗೆ ಪೆಟ್ಟು ತಿಂದಿರುವ ಲೆನ್ಸ್ ಎಷ್ಟು ಅಗ್ಗವಾದರೂ ದಂಡ.

ಮೊದಲು ಮೌಂಟ್, ಆಮೇಲೆ ಮಿಕ್ಕಿದ್ದು

ಮೌಂಟ್ ಎಂದರೆ ಲೆನ್ಸನ್ನು ಕ್ಯಾಮೆರಾದ ಬಾಡಿ ಮೇಲೆ ಸಿಕ್ಕಿಸುವ ಬಾಯಿ. ಲೆನ್ಸ್ ನಿಮ್ಮ ಬಾಡಿಗೆ ಕೂರುತ್ತದೆ ಎನ್ನುವುದೂ ಪೂರ್ತಿ ಕೆಲಸ ಮಾಡುತ್ತದೆ ಎನ್ನುವುದೂ ಬೇರೆ ಬೇರೆ ಮಾತು. ಅಗ್ಗದ ಲೆನ್ಸ್ ಕೊಂಡು ಕೈ ಸುಟ್ಟುಕೊಳ್ಳುವವರಲ್ಲಿ ಬಹಳಷ್ಟು ಜನ ಎಡವುವುದು ಇಲ್ಲಿಯೇ.

ಕ್ಯಾನನ್‌ನ ಇಎಫ್ ಮೌಂಟ್ 1987ರದ್ದು. ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಸಣ್ಣದಿರುವ ಬಾಡಿಗಳಿಗಾಗಿ 2003ರಲ್ಲಿ ಇಎಫ್-ಎಸ್ ಬಂತು. ಅಲ್ಲಿಂದೀಚೆಗೆ ಬಂದ ಸಣ್ಣ ಸೆನ್ಸರಿನ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಬಾಡಿಗೆ ಎರಡೂ ಕೂರುತ್ತವೆ, ಆದರೆ ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. 2018ರ ಆರ್‌ಎಫ್ ಮೌಂಟಿನ ಮಿರರ್‌ಲೆಸ್ (ಕನ್ನಡಿಯಿಲ್ಲದ) ಬಾಡಿ ಇದ್ದವರಿಗೆ ಅದೃಷ್ಟ ಚೆನ್ನಾಗಿದೆ: ಕ್ಯಾನನ್‌ನದೇ ಅಡಾಪ್ಟರ್ ಹಾಕಿದರೆ ಇಎಫ್, ಇಎಫ್-ಎಸ್ ಎರಡೂ ಆಟೋಫೋಕಸ್ ಸಮೇತ ನಡೆಯುತ್ತವೆ. ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋದವರು ಮಾರಿದ ಇಎಫ್ ಲೆನ್ಸ್‌ಗಳೇ ಈಗ ಬಜೆಟ್ ಇಲ್ಲದವರ ಗಣಿ.

ನಿಕಾನ್ ಕಡೆ ಲೆಕ್ಕ ಸ್ವಲ್ಪ ಗೋಜಲು. ಎಫ್ ಮೌಂಟ್ 1959ರಿಂದ ಇದೆ, ಹಾಗಾಗಿ ಆರು ದಶಕದ ಲೆನ್ಸ್‌ಗಳು ಒಂದೇ ಆಕಾರದ ಬಾಯಿ ಹೊತ್ತು ಮಾರುಕಟ್ಟೆಯಲ್ಲಿವೆ. ಹಳೆಯ ಎಎಫ್, ಎಎಫ್-ಡಿ ಲೆನ್ಸ್‌ಗಳಲ್ಲಿ ಮೋಟಾರ್ ಇಲ್ಲ. ಬಾಡಿಯ ಮೋಟಾರ್ ಒಂದು ಸ್ಕ್ರೂ ಮೂಲಕ ಅವನ್ನು ತಿರುಗಿಸುತ್ತದೆ. ಡಿ40, ಡಿ60, ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಎಫ್ ಲೆನ್ಸನ್ನು ನಿಕಾನ್‌ನ ಮಿರರ್‌ಲೆಸ್ ಬಾಡಿಗೆ ಹಾಕುವ ಎಫ್‌ಟಿಜೆಡ್ ಅಡಾಪ್ಟರಿನಲ್ಲೂ ಇಲ್ಲ. ಇವುಗಳಲ್ಲಿ ಆಟೋಫೋಕಸ್ ಬೇಕಾದರೆ ಎಎಫ್-ಎಸ್‌ನಂತೆ ಒಳಗೇ ಮೋಟಾರ್ ಇರುವ ಲೆನ್ಸ್ ಬೇಕು. ಹೊಸ ಎಎಫ್-ಪಿ ಲೆನ್ಸ್‌ಗಳದ್ದು ಇದರ ತಿರುಗುಮುರುಗು: ಡಿ90, ಡಿ3100ರಂಥ ಹಳೆಯ ಬಾಡಿಗಳಲ್ಲಿ ಅವು ಫೋಕಸ್ ಆಗುವುದೇ ಇಲ್ಲ, ಕೈಯಿಂದ ತಿರುಗಿಸಿದರೂ ಇಲ್ಲ.

ಸಿಗ್ಮಾ, ಟ್ಯಾಮ್ರಾನ್‌ನಂಥ ಕಂಪನಿಗಳು ಒಂದೇ ಲೆನ್ಸನ್ನು ನಾಲ್ಕೈದು ಮೌಂಟಿನಲ್ಲಿ ಮಾರಿವೆ. ಆದ್ದರಿಂದ ಜಾಹೀರಾತಿನಲ್ಲಿ ಹೆಸರು ನೋಡಿ ಸುಮ್ಮನಾಗಬೇಡಿ, ಮೌಂಟಿನ ಫೋಟೋ ಕೇಳಿ. ಫಿಲ್ಮ್ ಕಾಲದ, ಕ್ಯಾನನ್ ಮೌಂಟಿನ ಎಷ್ಟೋ ಸಿಗ್ಮಾ ಲೆನ್ಸ್‌ಗಳಿಗೆ ಇನ್ನೊಂದು ಕಾಯಿಲೆಯೂ ಉಂಟು. ಡಿಜಿಟಲ್ ಬಾಡಿಗೆ ಹಾಕಿ ಅಪರ್ಚರ್ (ಬೆಳಕು ಬಿಡುವ ಕಂಡಿ) ಪೂರ್ತಿ ತೆರೆದಿಟ್ಟರೆ ಫೋಟೋ ಬರುತ್ತದೆ, ಒಂದು ಸ್ಟಾಪ್, ಅಂದರೆ ಒಂದು ಮೆಟ್ಟಿಲು, ಇಳಿಸಿ ಕಿರಿದು ಮಾಡಿದೊಡನೆ ಕ್ಯಾಮೆರಾ ಎರರ್ ತೋರಿಸಿ ನಿಂತುಬಿಡುತ್ತದೆ. ಮಾರುವವರು "ನಡೆಯುತ್ತೆ ಸಾರ್" ಎನ್ನುವುದು ಸುಳ್ಳೇನಲ್ಲ, ಅರ್ಧ ನಿಜ.

ಹೆಸರಿನ ಬಾಲವೇ ಲೆನ್ಸ್

ಫೋಕಲ್ ಲೆಂಗ್ತ್ (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂದು ಹೇಳುವ ಮಿ.ಮೀ. ಅಂಕಿ) ಆರಿಸುವ ಮುಂಚೆ ನಿಮ್ಮಲ್ಲಿ ಈಗಾಗಲೇ ಇರುವ ಫೋಟೋಗಳ ಮಾಹಿತಿ ತೆರೆದು ನೋಡಿ. ಕ್ಯಾಮೆರಾ ಜೊತೆಗೇ ಬಂದ 18-55 ಕಿಟ್ ಲೆನ್ಸಿನಲ್ಲಿ ಬಹುಪಾಲು ಫೋಟೋ 55 ಮಿ.ಮೀ. ತುದಿಯಲ್ಲೇ ತೆಗೆದಿದ್ದರೆ ನಿಮಗೆ ಬೇಕಿರುವುದು ದೂರದ್ದನ್ನು ಹತ್ತಿರ ತರುವ ಟೆಲಿ ಜೂಮ್. 18ರಲ್ಲೇ ನಿಂತಿದ್ದರೆ ಟೆಲಿ ಕೊಂಡರೂ ಅದು ಬ್ಯಾಗಿನಲ್ಲೇ ಮಲಗುತ್ತದೆ. ಸಣ್ಣ ಸೆನ್ಸರ್ ದೃಶ್ಯದ ನಡುಭಾಗವನ್ನಷ್ಟೇ ಹಿಡಿಯುತ್ತದೆ, ಹಾಗಾಗಿ ಮಿ.ಮೀ. ಅಂಕಿಯನ್ನು ಗುಣಿಸುವ ಕ್ರಾಪ್ ಲೆಕ್ಕ ಮರೆಯಬೇಡಿ: ಕ್ಯಾನನ್‌ನ ಸಣ್ಣ ಸೆನ್ಸರ್‌ಗೆ 1.6, ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗೆ 1.5, ಮೈಕ್ರೋ ಫೋರ್ ಥರ್ಡ್ಸ್‌ಗೆ 2. ಅಂದರೆ 55-250 ಮಿ.ಮೀ. ಲೆನ್ಸ್ ಕ್ಯಾನನ್‌ನ ಸಣ್ಣ ಸೆನ್ಸರ್ ಮೇಲೆ ಫುಲ್ ಫ್ರೇಮಿನ 88-400ರ ನೋಟ ಕೊಡುತ್ತದೆ. ಹಕ್ಕಿ ಹಿಂದೆ ಹೊರಟವರಿಗೆ ಇಷ್ಟು ಅಗ್ಗದ 400 ಬೇರೆಡೆ ಸಿಗುವುದು ಕಷ್ಟ.

ಅಂಕಿ ಒಂದೇ ಆದರೂ ಲೆನ್ಸ್ ಒಂದೇ ಅಲ್ಲ. ಕ್ಯಾನನ್ 55-250ರಲ್ಲಿ ಮೂರು ಅವತಾರಗಳಿವೆ: ಐಎಸ್, ಐಎಸ್ 2, ಮತ್ತು 2013ರ ಐಎಸ್ ಎಸ್‌ಟಿಎಂ. ಐಎಸ್ ಎಂದರೆ ಕೈ ನಡುಕ ತಡೆಯುವ ಸ್ಟೆಬಿಲೈಸೇಷನ್, ಅದನ್ನೇ ನಿಕಾನ್ ವಿಆರ್ ಎನ್ನುತ್ತದೆ, ಟ್ಯಾಮ್ರಾನ್ ವಿಸಿ ಎನ್ನುತ್ತದೆ. ಎಸ್‌ಟಿಎಂ, ಯುಎಸ್‌ಡಿ ಫೋಕಸ್ ಮೋಟಾರಿನ ಬಗೆಗಳು. ಮೂರರಲ್ಲಿ ಕೊನೆಯದು ಫೋಕಸ್‌ನಲ್ಲಿ ಚುರುಕು, ಚಿತ್ರವೂ ಹರಿತ. ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಡುವುದು ವ್ಯರ್ಥವಲ್ಲ. ನಿಕಾನ್‌ನಲ್ಲಿ "70-300" ಎಂಬ ಒಂದೇ ಅಂಕಿಯ ಕೆಳಗೆ ಮೋಟಾರ್ ಇಲ್ಲದ ಎಎಫ್ ಜಿ, ವಿಆರ್ ಇರುವ ಎಎಫ್-ಎಸ್, ವಿಆರ್ ಇರುವ ಮತ್ತು ಇಲ್ಲದ ಎಎಫ್-ಪಿ ಡಿಎಕ್ಸ್ (ಸಣ್ಣ ಸೆನ್ಸರಿನದು), ಫುಲ್ ಫ್ರೇಮಿನ ಎಎಫ್-ಪಿ, ಇಷ್ಟೂ ಓಡಾಡುತ್ತವೆ. ಟ್ಯಾಮ್ರಾನ್‌ನಲ್ಲಿ ವಿಸಿ, ಯುಎಸ್‌ಡಿ ಎಂಬ ಅಕ್ಷರಗಳಿರುವ ಎಸ್‌ಪಿ 70-300 ಒಂದು ದರ್ಜೆ, ಅವಿಲ್ಲದ ಎಲ್‌ಡಿ ಮ್ಯಾಕ್ರೋ 70-300 ಇನ್ನೊಂದು. ಮಾರುವವರಿಗೇ ಎಷ್ಟೋ ಸಲ ವ್ಯತ್ಯಾಸ ಗೊತ್ತಿರುವುದಿಲ್ಲ, ಹಾಗಾಗಿ ಹೆಸರಿನ ಪಟ್ಟಿಯ ಫೋಟೋ ತರಿಸಿಕೊಂಡು ನೀವೇ ಅಕ್ಷರ ಅಕ್ಷರ ಓದಿ.

ಒಂದು ಪಕ್ಷಪಾತದ ಮಾತು: ಸ್ಟೆಬಿಲೈಸೇಷನ್ ಇಲ್ಲದ ಅಗ್ಗದ ಟೆಲಿ ಜೂಮ್, ಮುಖ್ಯವಾಗಿ ಡಿಎಸ್‌ಎಲ್‌ಆರ್ ಬಾಡಿಗೆ, ಬೇಡವೇ ಬೇಡ. ಕ್ಯಾನನ್ 75-300 ಎಲ್ಲೆಡೆ ಕಾಸಿಗೆ ಸಿಗಲು ಕಾರಣವಿದೆ. 300ರ ತುದಿಯಲ್ಲಿ ಎಫ್/5.6 (ಅಪರ್ಚರಿನ ಅಂಕಿ; ಅದು ದೊಡ್ಡದಾದಷ್ಟೂ ಕಂಡಿ ಸಣ್ಣ) ಇಟ್ಟು ಕೈಯಲ್ಲಿ ಹಿಡಿದು ತೆಗೆದರೆ ನಡುಕ ಒಂದು ಕಡೆ, ಲೆನ್ಸಿನ ಮಸುಕು ಇನ್ನೊಂದು ಕಡೆ. ಇದಕ್ಕೆ ವಿರುದ್ಧ ಉದಾಹರಣೆ 1999ರ ಕ್ಯಾನನ್ 70-200 ಎಫ್/4 ಎಲ್. ಅದರಲ್ಲೂ ಸ್ಟೆಬಿಲೈಸೇಷನ್ ಇಲ್ಲ, ಆದರೆ ಗಾಜು ಅಷ್ಟು ಚೆನ್ನಾಗಿದೆ, ಜೂಮ್ ಮಾಡಿದರೆ ಉದ್ದವಾಗುವುದಿಲ್ಲ, ತೂಕ 705 ಗ್ರಾಂ. ಹಗಲಲ್ಲಿ ತೆಗೆಯುವವರಿಗೆ ಇದು ಹಳತಾದಷ್ಟೂ ಒಳ್ಳೆಯ ಸರಕು.

ಜಾಹೀರಾತು ಓದುವಾಗ

"ಟೆಸ್ಟ್ ಮಾಡಿಲ್ಲ" ಎಂದಿದ್ದರೆ ಕೆಟ್ಟಿದೆ ಎಂದೇ ಓದಿಕೊಳ್ಳಿ, ಕೆಟ್ಟ ಲೆನ್ಸಿಗೆ ಕೊಡುವ ಬೆಲೆಯನ್ನೇ ಹೇಳಿ. ಮುಂದಿನ ಗಾಜು, ಹಿಂದಿನ ಗಾಜು, ಮೌಂಟ್, ಸೀರಿಯಲ್ ನಂಬರ್, ಫಿಲ್ಟರ್ ಹಾಕುವ ಅಂಚು, ಈ ಐದರ ಹತ್ತಿರದ ಫೋಟೋ ಕೇಳಿ. ಜೊತೆಗೆ ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಒಂದು ಫೋಟೋ. ಆ ಲೆನ್ಸಿನಲ್ಲಿ ಇತ್ತೀಚೆಗೆ ತೆಗೆದ, ಕಿರಿದು ಮಾಡದ ಎರಡು ಮೂಲ ಫೈಲ್‌ಗಳೂ ಬೇಕು: ಒಂದು ಅಗಲದ ತುದಿಯದ್ದು, ಒಂದು ಉದ್ದದ ತುದಿಯದ್ದು. ಇಷ್ಟು ಕೊಡಲು ಒಪ್ಪದವರ ಹತ್ತಿರ ಆನ್‌ಲೈನಿನಲ್ಲಿ ಕೊಳ್ಳುವುದಾದರೆ ವಾಪಸಾತಿ ಅವಧಿ ಬರಹದಲ್ಲಿ ಇರಲೇಬೇಕು. ಪಾರ್ಸೆಲ್ ಬಂದ ದಿನವೇ ಎಲ್ಲ ಪರೀಕ್ಷೆ ಮುಗಿಸಿ. ಬಿಚ್ಚುವುದರ ವಿಡಿಯೋ ಮಾಡಿಟ್ಟುಕೊಳ್ಳಿ. ಬಾಕ್ಸ್ ಇದ್ದರೆ ಅದರ ಮೇಲಿನ ಸೀರಿಯಲ್ ನಂಬರ್ ಲೆನ್ಸಿನ ನಂಬರಿಗೆ ತಾಳೆಯಾಗಬೇಕು. ಲೆನ್ಸ್ ಮೇಲಿನ ನಂಬರ್ ಕೆರೆದಿದ್ದರೆ ಮಾತು ಮುಂದುವರಿಸಬೇಡಿ.

ಕೈಗೆ ಬಂದಾಗ: ಮೊದಲ ಐದು ನಿಮಿಷ

ನಿಮ್ಮದೇ ಬಾಡಿ, ತುಂಬಿದ ಬ್ಯಾಟರಿ, ಖಾಲಿ ಕಾರ್ಡ್, ಸಣ್ಣ ಟಾರ್ಚ್ ಅಥವಾ ಫೋನಿನ ಫ್ಲ್ಯಾಶ್, ಗಾಳಿ ಊದುವ ಬ್ಲೋವರ್ ಜೊತೆಗಿರಲಿ. ಹಗಲಿನಲ್ಲಿ, ದೂರದವರೆಗೆ ಕಾಣುವ ಜಾಗದಲ್ಲಿ ಭೇಟಿಯಾಗಿ.

ಕ್ಯಾಮೆರಾಗೆ ಹಾಕುವ ಮುಂಚೆ ಲೆನ್ಸನ್ನು ಹಾಗೇ ಕೈಯಲ್ಲಿ ತಿರುಗಿಸಿ ನೋಡಿ. ಫಿಲ್ಟರ್ ಅಂಚು ಸ್ವಲ್ಪ ಒಳಗೆ ಬಗ್ಗಿದ್ದರೆ ಲೆನ್ಸ್ ಮುಖ ಅಡಿಯಾಗಿ ಬಿದ್ದಿದೆ ಎಂದೇ ಲೆಕ್ಕ. ಬಗ್ಗಿದ ಅಂಚಿನಿಂದ ತೊಂದರೆಯಿಲ್ಲ, ಬಿದ್ದ ಪೆಟ್ಟು ಒಳಗೆ ಎಲ್ಲಿಗೆ ತಾಗಿತು ಎಂಬುದೇ ಪ್ರಶ್ನೆ. ಮೌಂಟಿನ ಸ್ಕ್ರೂಗಳ ತಲೆ ನೋಡಿ. ಸ್ಕ್ರೂಡ್ರೈವರ್ ಜಾರಿ ತಲೆ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಕಂಪನಿ ಸರ್ವಿಸಿನಲ್ಲಿ ಬಿಚ್ಚಿದ್ದರೆ ಸಾಮಾನ್ಯವಾಗಿ ಇಂಥ ಗುರುತು ಉಳಿಯುವುದಿಲ್ಲ. ಬಂಗಾರದ ಬಣ್ಣದ ಸಂಪರ್ಕ ಬಿಂದುಗಳಲ್ಲಿ ಹಸಿರು ಕಿಲುಬು ಕಂಡರೆ ನೀರು ಕುಡಿದ ಲೆನ್ಸ್ ಎಂದು ಅನುಮಾನಿಸಿ.

ಈಗ ಜೂಮ್ ರಿಂಗ್ ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ಬಹಳ ನಿಧಾನವಾಗಿ ತಿರುಗಿಸಿ. ಎಷ್ಟೋ ಜೂಮ್‌ಗಳಲ್ಲಿ ಕೊಳವೆಯ ಮೇಲೆ ಓರೆಯಾಗಿ ಕೊರೆದ ಜಾಡುಗಳಿರುತ್ತವೆ, ಗಾಜಿನ ಗುಂಪುಗಳು ಪುಟ್ಟ ಉರುಳೆಗಳ ಮೇಲೆ ಆ ಜಾಡಿನಲ್ಲಿ ಓಡುತ್ತವೆ. ಎಲ್ಲ ಕಡೆ ಒಂದೇ ಸಮ ಬಿಗಿ ಇದ್ದರೆ ಸರಿ, ಎಲ್ಲ ಕಡೆ ಒಂದೇ ಸಮ ಸಡಿಲ ಇದ್ದರೂ ಪರವಾಗಿಲ್ಲ. ಒಂದೇ ಜಾಗದಲ್ಲಿ ತಡೆದು "ಟಕ್" ಎಂದು ದಾಟಿದರೆ ಉರುಳೆ ಒಡೆದಿರಬಹುದು, ಕೊಳವೆ ಬಗ್ಗಿರಬಹುದು. ಮರಳು ಸಿಕ್ಕ ಹಾಗೆ ಕರಕರ ಎಂದರೆ ಮರಳೇ ಸಿಕ್ಕಿದೆ, ಕೆಳಗಿಡಿ.

ಲೆನ್ಸನ್ನು ನೆಲದ ಕಡೆ ಬಗ್ಗಿಸಿದಾಗ ತಾನೇ ಜಾರಿ ಉದ್ದವಾಗುವುದು ಭಾರದ ಜೂಮ್‌ಗಳಲ್ಲಿ ಮಾಮೂಲು. ಕಿರಿಕಿರಿ ಹೌದು, ದೋಷವಲ್ಲ. ಪೂರ್ತಿ ಉದ್ದ ಮಾಡಿ ಮೂತಿ ಅಲುಗಿಸಿದರೆ ಅಗ್ಗದ ಜೂಮ್‌ಗಳು ಸ್ವಲ್ಪ ಅಲ್ಲಾಡುತ್ತವೆ. ಅಲುಗಾಟ ಎಷ್ಟೆಂದು ಕೈಯಲ್ಲಿ ಅಳೆಯುವುದು ಕಷ್ಟ, ಅದನ್ನು ಮೂಲೆಗಳ ಪರೀಕ್ಷೆಯೇ ಹೇಳಲಿ. ಸ್ಟೆಬಿಲೈಸೇಷನ್ ಇರುವ ಲೆನ್ಸನ್ನು ಕುಲುಕಿದರೆ ಒಳಗೆ ಏನೋ ಕಡಕಡ ಎನ್ನಬಹುದು. ಕರೆಂಟಿಲ್ಲದಾಗ ಆ ಗಾಜು ತೂಗುತ್ತಿರುತ್ತದೆ, ಗಾಬರಿ ಬೇಡ. ರಬ್ಬರಿನ ಮೇಲಿನ ಬಿಳಿ ಪುಡಿಯೂ ಒರೆಸಿದರೆ ಹೋಗುವಂಥದ್ದು. ಚೌಕಾಸಿಗೆ ಮಾತ್ರ ಎರಡನ್ನೂ ಬಳಸಿಕೊಳ್ಳಿ.

ಟಾರ್ಚ್ ಬಿಟ್ಟು ನೋಡುವುದು

ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚನ್ನು ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಹಿನ್ನೆಲೆ ಕತ್ತಲಾಗಿರಲಿ. ನಂತರ ದಿಕ್ಕು ಬದಲಿಸಿ. ಕ್ಯಾನನ್ ಇಎಫ್ ಲೆನ್ಸ್ ಬಾಡಿ ಇಲ್ಲದೆಯೂ ಅಪರ್ಚರ್ ತೆರೆದೇ ಇರುತ್ತದೆ. ಹೆಸರಿನಲ್ಲಿ ಜಿ ಅಕ್ಷರವಿರುವ ನಿಕಾನ್ ಲೆನ್ಸ್‌ಗಳಲ್ಲಿ ಹಿಂದಿರುವ ಪುಟ್ಟ ಲೋಹದ ಕಡ್ಡಿಯನ್ನು ಬೆರಳಲ್ಲಿ ಸರಿಸಿ ತೆರೆಯಬೇಕು. ಆ ಕಡ್ಡಿ ಬಿಟ್ಟೊಡನೆ ಚಟ್ಟನೆ ಹಿಂದಿರುಗಬೇಕು. ನಿಧಾನವಾದರೆ ಅಪರ್ಚರ್ ಪದರಗಳಿಗೆ ಎಣ್ಣೆ ಹತ್ತಿದೆ.

ಟಾರ್ಚ್ ಬೆಳಕಿನಲ್ಲಿ ಎಂಥ ಲೆನ್ಸೂ ಕೊಳಕಾಗಿ ಕಾಣುತ್ತದೆ, ಆದ್ದರಿಂದ ಏನನ್ನು ನೋಡುತ್ತಿದ್ದೀರಿ ಎಂದು ಬಿಡಿಸಿಕೊಳ್ಳಬೇಕು. ಚುಕ್ಕಿ ಚುಕ್ಕಿಯಾಗಿ ಕಂಡರೆ ಧೂಳು. ಜೂಮ್ ಮಾಡಿದಾಗ ಲೆನ್ಸ್ ಗಾಳಿ ಎಳೆದುಕೊಳ್ಳುತ್ತದೆ, ಧೂಳು ಬಂದೇ ಬರುತ್ತದೆ, ಇಪ್ಪತ್ತು ಮೂವತ್ತು ಚುಕ್ಕಿಯಿಂದ ಏನೂ ಆಗದು. ಒಂದು ಬಿಂದುವಿನಿಂದ ಬೇರು ಬಿಟ್ಟ ಹಾಗೆ ಅಥವಾ ಜೇಡರ ಬಲೆಯ ಎಳೆಯ ಹಾಗೆ ಹರಡಿದ್ದರೆ ಅದು ಫಂಗಸ್, ನಮ್ಮ ಮಾತಿನ ಬೂಷ್ಟು. ಅದು ಹೊರ ಸೂಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಆದ್ದರಿಂದ ಬಿಚ್ಚಿ ಒರೆಸಿದರೂ ಎಷ್ಟೋ ಸಲ ಅದರ ನಕ್ಷೆ ಅಲ್ಲೇ ಉಳಿಯುತ್ತದೆ. ಜೂಮ್ ಲೆನ್ಸ್ ಬಿಚ್ಚಿ ಮತ್ತೆ ಅದೇ ನೇರಕ್ಕೆ ಕೂರಿಸುವ ಕೂಲಿ, ಅಗ್ಗದ ಲೆನ್ಸಿನ ಬೆಲೆಯನ್ನೇ ದಾಟಬಹುದು. ಫಂಗಸ್ ಇದ್ದರೆ ಬೇಡ ಎನ್ನಿ. "ಸ್ವಲ್ಪವೇ ಇದೆ" ಎಂಬುದು ಇಂದಿನ ಮಾತು.

ಇಡೀ ಗಾಜಿಗೆ ಉಸಿರು ಬಿಟ್ಟ ಹಾಗೆ ಮಬ್ಬು ಕವಿದಿದ್ದರೆ, ಅದೂ ಒರೆಸಲಾಗದ ಒಳಗಿನ ಗಾಜಿನ ಮೇಲಿದ್ದರೆ, ಬೆಳಕಿಗೆ ಎದುರಾಗಿ ತೆಗೆದ ಫೋಟೋ ಎಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಧೂಳಿಗಿಂತ, ಗೀರಿಗಿಂತ ಇದು ಕೆಟ್ಟದ್ದು. ಆದರೆ ಕಣ್ಣಿಗೆ ಎದ್ದು ಕಾಣದ ಕಾರಣ ಹೆಚ್ಚಿನವರು ದಾಟಿಹೋಗುತ್ತಾರೆ. ಇನ್ನು ಗೀರು: ಮುಂದಿನ ಗಾಜಿನದ್ದನ್ನು ಕ್ಷಮಿಸಬಹುದು, ಹಿಂದಿನ ಗಾಜಿನದ್ದನ್ನು ಕ್ಷಮಿಸಬೇಡಿ.

ಕ್ಯಾಮೆರಾಗೆ ಹಾಕಿ

ಇಲ್ಲಿ ಆತುರ ಬೇಡ, ಅರ್ಧ ಗಂಟೆ ಕೇಳಿ ಪಡೆಯಿರಿ.

1. ಕೇಬಲ್. ಜೂಮ್ ಮಾಡಿದಾಗಲೆಲ್ಲ ಒಳಗಿನ ರಿಬ್ಬನ್‌ನಂಥ ಕೇಬಲ್ ಮಡಚಿ ಬಿಚ್ಚುತ್ತದೆ, ವರ್ಷಗಟ್ಟಲೆ ಮಡಚಿ ಸೀಳುತ್ತದೆ. ಸೀಳಿದ ಕೇಬಲ್ ಕೆಲವೇ ಸ್ಥಾನಗಳಲ್ಲಿ ಕೈಕೊಡುತ್ತದೆ, ಅದೂ ಅಪರ್ಚರ್ ಇಳಿಸಿದಾಗ. ಹಾಗಾಗಿ ಎಫ್/11ಕ್ಕೆ ಇಟ್ಟು, ಜೂಮನ್ನು ಅಗಲದ ತುದಿಯಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹತ್ತು ಹನ್ನೆರಡು ಕಡೆ ಒಂದೊಂದು ಫೋಟೋ ತೆಗೆಯಿರಿ. ಎಲ್ಲೂ ಎರರ್ ಬರಬಾರದು. "ಕಾಂಟ್ಯಾಕ್ಟ್ ಒರೆಸಿದರೆ ಸರಿಹೋಗುತ್ತೆ" ಎಂದರೆ ಅಲ್ಲೇ ಒರೆಸಿ ತೋರಿಸಲಿ.

2. ಅಪರ್ಚರ್. ಮ್ಯಾನುಯಲ್ ಮೋಡ್, ಐಎಸ್‌ಒ (ಸೆನ್ಸರಿನ ಸಂವೇದನೆಯ ಅಂಕಿ) ಬದಲಿಸಬೇಡಿ, ಹಗಲು ಬೆಳಕು. ಎಫ್/5.6ಕ್ಕೆ 1/250 ಸೆಕೆಂಡ್, ಎಫ್/8ಕ್ಕೆ 1/125, ಎಫ್/11ಕ್ಕೆ 1/60, ಎಫ್/16ಕ್ಕೆ 1/30. ನಾಲ್ಕೂ ಫೋಟೋದ ಬೆಳಕು ಒಂದೇ ಇರಬೇಕು. ಎಫ್/16ರದ್ದು ಎದ್ದು ಕಾಣುವಷ್ಟು ಬೆಳ್ಳಗಿದ್ದರೆ ಪದರಗಳು ಸಮಯಕ್ಕೆ ಮುಚ್ಚುತ್ತಿಲ್ಲ. ಎಫ್/16ರಲ್ಲೇ ಒಂದರ ಹಿಂದೊಂದು ಐದು ಫೋಟೋದ ಬರ್ಸ್ಟ್ ಹೊಡೆದು ಐದೂ ಸಮ ಇವೆಯೇ ನೋಡಿ. ಟ್ಯೂಬ್‌ಲೈಟ್ ಕೆಳಗೆ ಈ ಪರೀಕ್ಷೆ ಮಾಡಬೇಡಿ, ದೀಪದ ಮಿಣುಕೇ ವ್ಯತ್ಯಾಸ ತೋರಿಸುತ್ತದೆ.

3. ಮೂಲೆಗಳು. ಇದೇ ಮುಖ್ಯ. ಗೋಡೆಯ ಇಟ್ಟಿಗೆ ಫೋಟೋ ತೆಗೆಯುವ ಅಭ್ಯಾಸ ಹಲವರಿಗಿದೆ. ಕ್ಯಾಮೆರಾ ಗೋಡೆಗೆ ಸ್ವಲ್ಪ ಓರೆಯಾದರೂ ಒಳ್ಳೆಯ ಲೆನ್ಸೇ ಕೆಟ್ಟದಾಗಿ ಕಾಣುತ್ತದೆ. ಅದರ ಬದಲು ಕೆಲವು ನೂರು ಮೀಟರ್ ಆಚೆಯ ಮರದ ಸಾಲೋ ಕಟ್ಟಡಗಳ ನೆತ್ತಿಯೋ ಹುಡುಕಿ. ಅಷ್ಟು ದೂರದಲ್ಲಿ ಎಲ್ಲವೂ ಒಂದೇ ದೂರವಿದ್ದ ಹಾಗೆ. ಅಪರ್ಚರ್ ಪೂರ್ತಿ ತೆರೆದು, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡುತ್ತಾ) ನಡುವೆ ಫೋಕಸ್ ಮಾಡಿ, ಬಳಿಕ ಫೋಕಸನ್ನು ಮ್ಯಾನುಯಲ್‌ಗೆ ತಿರುಗಿಸಿ. ಟ್ರೈಪಾಡ್ ಇದ್ದರೆ ಸ್ಟೆಬಿಲೈಸೇಷನ್ ಆರಿಸಿ, 2 ಸೆಕೆಂಡ್ ಟೈಮರ್ ಇಡಿ. ಇಲ್ಲದಿದ್ದರೆ ಶಟರ್ ವೇಗ 1/1000ದ ಮೇಲಿರಲಿ. ಮರದ ಸಾಲು ಚೌಕಟ್ಟಿನ ನಡುವೆ ಬರುವಂತೆ ಒಂದು ಫೋಟೋ, ಮೇಲಂಚಿಗೆ ಒಂದು, ಕೆಳಂಚಿಗೆ ಒಂದು. ಇದೇ ಮೂರನ್ನು ಅಗಲದ ತುದಿ, ನಡು, ಉದ್ದದ ತುದಿಗಳಲ್ಲಿ ತೆಗೆಯಿರಿ, ಒಟ್ಟು ಒಂಬತ್ತು.

ಈಗ ನೂರು ಪ್ರತಿಶತಕ್ಕೆ ಹಿಗ್ಗಿಸಿ ಎಡದ ಅಂಚನ್ನೂ ಬಲದ ಅಂಚನ್ನೂ ಹೋಲಿಸಿ. ಎರಡೂ ಒಂದೇ ಮಟ್ಟಕ್ಕೆ ಮಸುಕಾಗಿದ್ದರೆ ಅದು ಲೆನ್ಸಿನ ಹುಟ್ಟುಗುಣ. ಎರಡು ಸ್ಟಾಪ್ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಎಡಗಡೆ ಎಲೆ ಎಲೆ ಬಿಡಿಸಿದಂತೆ ಕಂಡು ಬಲಗಡೆ ಹಸಿರು ಮುದ್ದೆಯಾಗಿದ್ದರೆ ಗಾಜು ಓರೆಯಾಗಿದೆ. ಅನುಮಾನ ಉಳಿದರೆ ಕ್ಯಾಮೆರಾ ತಲೆಕೆಳಗು ಮಾಡಿ ಅದೇ ದೃಶ್ಯ ತೆಗೆಯಿರಿ, ಫೋಟೋವನ್ನು ತಿರುಗಿಸದೆ ನೋಡಿ. ಮಸುಕು ಮತ್ತೆ ಬಲಗಡೆಯೇ ಇದ್ದರೆ ತಪ್ಪು ಲೆನ್ಸಿನದ್ದು. ಎಡಕ್ಕೆ ದಾಟಿದರೆ ಆ ಕಡೆಯ ಮರವೇ ಹತ್ತಿರವಿತ್ತು ಎಂದರ್ಥ. ಒಂದೇ ಫೋಕಲ್ ಲೆಂಗ್ತಿನಲ್ಲಿ ಮಾತ್ರ ಓರೆ ಕಾಣುವ ಜೂಮ್‌ಗಳೂ ಇವೆ. ನೀವು ಆ ಜಾಗ ಬಳಸುವುದೇ ಇಲ್ಲವಾದರೆ, ಬೆಲೆ ಗಟ್ಟಿಯಾಗಿ ಇಳಿಸಿದರೆ, ಕೊಳ್ಳಬಹುದು.

4. ಆಟೋಫೋಕಸ್. ಉದ್ದದ ತುದಿಯಲ್ಲಿ, ಪೂರ್ತಿ ತೆರೆದ ಅಪರ್ಚರಿನಲ್ಲಿ, ಅಕ್ಷರಗಳಿರುವ ಒಂದು ಪೊಟ್ಟಣವನ್ನೋ ಫಲಕವನ್ನೋ ಹತ್ತು ಸಲ ತೆಗೆಯಿರಿ, ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಹಿಡಿಸಿ. ಡಿಎಸ್‌ಎಲ್‌ಆರ್ ಆದರೆ ಐದು ವ್ಯೂಫೈಂಡರಿನಿಂದ, ಐದು ಲೈವ್ ವ್ಯೂನಿಂದ. ಲೈವ್ ವ್ಯೂನ ಐದೂ ಹರಿತವಾಗಿದ್ದು ವ್ಯೂಫೈಂಡರಿನ ಐದೂ ಒಂದೇ ದಿಕ್ಕಿಗೆ ತಪ್ಪಿದ್ದರೆ ಅದು ಹೊಂದಾಣಿಕೆಯ ವಿಷಯ; ನಿಮ್ಮ ಬಾಡಿಯಲ್ಲಿ ಆಟೋಫೋಕಸ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಎಂಬ, ಫೋಕಸ್ ತಿದ್ದುವ ಸೆಟ್ಟಿಂಗ್ ಇದ್ದರೆ ನೀವೇ ಸರಿಮಾಡಬಹುದು, ಆರಂಭದ ದರ್ಜೆಯ ಬಾಡಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಲೈವ್ ವ್ಯೂನಲ್ಲೂ ಮನಬಂದಂತೆ ತಪ್ಪುತ್ತಿದ್ದರೆ, ಅಥವಾ ಮೋಟಾರ್ ಕಿರುಚುತ್ತಾ ನಡುವೆ ನಿಲ್ಲುತ್ತಿದ್ದರೆ, ಬಿಡಿ.

5. ಸ್ಟೆಬಿಲೈಸೇಷನ್. ಶಟರ್ ಅರ್ಧ ಒತ್ತಿ ಕಿವಿಗೊಡಿ. ಸಣ್ಣ ಗುಂಯ್ ಶಬ್ದ ಸಹಜ, ಚಿತ್ರ ತೇಲಿ ನಿಂತಂತಾಗುವುದೂ ಸಹಜ. ಚಿತ್ರ ಎಗರಿದರೆ ಅಥವಾ ನಡುಗುತ್ತಲೇ ಇದ್ದರೆ ಕೆಟ್ಟಿದೆ. 200 ಮಿ.ಮೀ.ಗೆ ಇಟ್ಟು 1/25 ಸೆಕೆಂಡಿನಲ್ಲಿ ಆನ್ ಮಾಡಿ ಹತ್ತು, ಆಫ್ ಮಾಡಿ ಹತ್ತು ತೆಗೆಯಿರಿ. ಎರಡು ಗುಂಪಿಗೂ ವ್ಯತ್ಯಾಸವೇ ಕಾಣದಿದ್ದರೆ ಸ್ವಿಚ್ ಇದೆ, ಕೆಲಸವಿಲ್ಲ.

ಕೊನೆಯದಾಗಿ ಕಿಟಕಿಯನ್ನೋ ಪ್ರಕಾಶಮಾನ ಆಕಾಶವನ್ನೋ ಚೌಕಟ್ಟಿನ ಅಂಚಿಗೆ ಇಟ್ಟು ಒಂದು ಫೋಟೋ. ಕಪ್ಪು ಭಾಗ ತೊಳೆದ ಹಾಗೆ ಪೇಲವವಾದರೆ ಟಾರ್ಚಿನಲ್ಲಿ ತಪ್ಪಿಸಿಕೊಂಡ ಮಬ್ಬು ಇಲ್ಲಿ ಸಿಕ್ಕಿಬೀಳುತ್ತದೆ. ಸೂರ್ಯನನ್ನು ಮಾತ್ರ ವ್ಯೂಫೈಂಡರಿನಲ್ಲಿ ನೋಡಬೇಡಿ.

ಬೆಲೆ ಮಾತಾಡುವಾಗ

ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ತಿಂಗಳುಗಟ್ಟಲೆ ಅದೇ ಜಾಹೀರಾತು ನೇತಾಡುತ್ತಿದ್ದರೆ ಆ ಬೆಲೆ ಬೆಲೆಯೇ ಅಲ್ಲ. ಮೂತಿಗೆ ಹಾಕುವ ಹುಡ್, ಎರಡು ಮುಚ್ಚಳ, ಭಾರದ ಲೆನ್ಸಾದರೆ ಟ್ರೈಪಾಡ್ ಕಾಲರ್, ಇವಿಲ್ಲದಿದ್ದರೆ ಹೊಸದಾಗಿ ಕೊಳ್ಳುವ ಖರ್ಚನ್ನು ಅಲ್ಲೇ ಕಳೆಯಿರಿ. 70-200 ಎಫ್/4 ಎಲ್‌ಗೆ ಕಾಲರ್ ಹೊಸದರಲ್ಲೇ ಜೊತೆಗೆ ಬರುತ್ತಿರಲಿಲ್ಲ, ಅದಕ್ಕಾಗಿ ಜಗಳ ಬೇಡ. ವಾರಂಟಿ ಇರುವ ಹೊಸ ಲೆನ್ಸಿನ ಬೆಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೇಳಿದರೆ ಹೊಸದನ್ನೇ ಕೊಳ್ಳುವುದು ಜಾಣತನ. ತಯಾರಿಕೆ ನಿಂತು ಬಹಳ ವರ್ಷವಾದ ಲೆನ್ಸಿಗೆ ಕಂಪನಿಯಲ್ಲಿ ಬಿಡಿಭಾಗ ಸಿಗದೆ ಇರಬಹುದು. ಮುಂಚೆಯೇ ಸರ್ವಿಸ್ ಕೇಂದ್ರಕ್ಕೆ ಒಂದು ಫೋನ್ ಮಾಡಿ ಕೇಳಿ. ಸಿಗುವುದಿಲ್ಲ ಎಂದರೂ ಕೊಳ್ಳಬಹುದು, ಕೆಟ್ಟ ದಿನ ಎಸೆಯಲು ಮನಸ್ಸು ಬರುವಷ್ಟು ಅಗ್ಗವಾಗಿದ್ದರೆ ಮಾತ್ರ.

ಮನೆಗೆ ತಂದ ಮೇಲೆ

ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಬಟ್ಟೆ ಮುಟ್ಟಿಸಿ. ಧೂಳಿನ ಮೇಲೇ ಒರೆಸಿದರೆ ಇಲ್ಲದ ಗೀರು ನೀವೇ ಎಳೆದ ಹಾಗೆ. ದ್ರವವನ್ನು ಗಾಜಿನ ಮೇಲೆ ಸುರಿಯಬೇಡಿ, ಬಟ್ಟೆಗೆ ಎರಡು ಹನಿ ಸಾಕು. ಲೆನ್ಸ್ ಜೊತೆ ಬಂದ ಹಳೆಯ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಂಡು ಬೂಷ್ಟು ಸಾಕುತ್ತದೆ. ಗಾಳಿಯ ತೇವಾಂಶ 60 ಪ್ರತಿಶತ ದಾಟಿ ಬಹಳ ದಿನ ನಿಂತರೆ ಫಂಗಸ್‌ಗೆ ಹಬ್ಬ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ಇಟ್ಟು, ಮುಳ್ಳು 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಬಣ್ಣ ಬದಲಿಸುವ ಜೆಲ್ ಆದರೆ ಒಣಗಿಸಬೇಕಾದ ದಿನವನ್ನು ಅದೇ ಹೇಳುತ್ತದೆ.